ಅಪ್‌ಡೇಟ್: ಯೂರಿಯಾ ಕಡಿಮೆ ಮಾಡಿದೆ, ಗಡ್ಡೆ ಚೆನ್ನಾಗಿ ಬಂತು

ಹೋದ ವರ್ಷ ಒಂದು ಪ್ರಶ್ನೆ ಕೇಳಿದ್ದೆ. ಹಾಸನದ ಕಡೆ ನಮ್ಮ ಒಂದು ಎಕರೆ ಕುಫ್ರಿ ಜ್ಯೋತಿ ತಳಿಯ ಆಲೂಗಡ್ಡೆ ಸೊಂಟದೆತ್ತರ ಹಸಿರಾಗಿ ಬೆಳೆದಿದೆ, ಕಿತ್ತು ನೋಡಿದರೆ ನಿಂಬೆಕಾಯಿ ಗಾತ್ರದ ಗಡ್ಡೆ, ಯಾಕೆ ಅಂತ. ಸಾರಜನಕ ಜಾಸ್ತಿಯಾದರೆ ಗಿಡ ಸೊಪ್ಪು ಬೆಳೆಸುತ್ತಲೇ ಇರುತ್ತದೆ, ಗಡ್ಡೆ ಕಟ್ಟುವುದು ತಡವಾಗುತ್ತದೆ ಅಂದಿರಿ. ನಿಜ. ನಾನು ಬಿತ್ತಿದ 50ನೇ ದಿನವೂ ಸಾರಜನಕದ ಗೊಬ್ಬರವಾದ ಯೂರಿಯಾ ಎರಚಿದ್ದೆ.

ಈ ಸಲ ಮಣ್ಣು ಪರೀಕ್ಷೆ ಮಾಡಿಸಿದೆ. ಕಾರ್ಡಿನಲ್ಲಿ ಬರೆದಿದ್ದ ಸಾರಜನಕದಲ್ಲಿ ಅರ್ಧ ಬಿತ್ತನೆಗೆ, ಉಳಿದರ್ಧ 30ನೇ ದಿನ ಮಣ್ಣು ಏರಿಸುವಾಗ ಅಂತ ಇಟ್ಟುಕೊಂಡೆ. ರಂಜಕಕ್ಕೆ ಅಂತ ಹಾಕುವ ಡಿಎಪಿ ಗೊಬ್ಬರದಲ್ಲೂ 18% ಸಾರಜನಕ ಇರುತ್ತದೆ ಅನ್ನೋದನ್ನು ಮೊದಲು ಲೆಕ್ಕಕ್ಕೇ ತಗೊಂಡಿರಲಿಲ್ಲ. 50 ಕೆಜಿ ಮೂಟೆಯಲ್ಲಿ 9 ಕೆಜಿ ಆಯ್ತಲ್ವಾ! ಅಷ್ಟು ಸಾರಜನಕ ಕೊಡುವ ಯೂರಿಯಾವನ್ನು ಕಡಿಮೆ ಮಾಡಿದೆ. ಜೋರು ಮಳೆ ಹಿಡಿದಿತ್ತು, ಗೊಬ್ಬರ ಕೊಚ್ಚಿ ಹೋಗದಿರಲಿ ಅಂತ ಎರಡನೇ ಕಂತು ನಾಲ್ಕು ದಿನ ತಡೆದೆ.

ಗಿಡ ಮೊಣಕಾಲುದ್ದ ಮಾತ್ರ ಬಂತು. ಅಪ್ಪ ಬೇಜಾರಾಗಿದ್ದರು. ಮೊನ್ನೆ ಗುದ್ದಲಿ ಹಾಕಿದಾಗ ಮುಷ್ಟಿ ಗಾತ್ರದ ಗಡ್ಡೆಗಳು! ಹೆಬ್ಬೆರಳಿನಿಂದ ಒತ್ತಿ ಉಜ್ಜಿದೆ, ಸಿಪ್ಪೆ ಏಳಲಿಲ್ಲ. ಹೋದ ವರ್ಷ ಮೂಟೆಯಲ್ಲೇ ಸುಲಿದು ಹೋಗುತ್ತಿತ್ತು. ಎಲೆ ಸುಡುವ ಅಂಗಮಾರಿ ರೋಗ ಮಾತ್ರ ಈ ಸಲವೂ ಬಿಡಲಿಲ್ಲ, ಔಷಧಿ ಹೊಡೆಯಲೇಬೇಕಾಯಿತು.

ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.