ಸ್ನೋಡನ್ ಏರಿ ಅಲ್ಲಿನ ನೀರಿನಲ್ಲಿ ಈಜಿದವರು ಅನುಭವ ತಿಳಿಸಿರಿ

ಬರ್ಮಿಂಗ್‌ಹ್ಯಾಮ್‌ನಿಂದ: ವೇಲ್ಸ್‌ನ ಅತಿ ಎತ್ತರದ ಬೆಟ್ಟವಾದ ಸ್ನೋಡನ್ (1085 ಮೀಟರ್) ಹತ್ತಿ, ಇಳಿಯುವಾಗ ಗ್ಲಾಸ್ಲಿನ್ ಕೆರೆಯಲ್ಲಿ ಈಜಬೇಕೆಂದು ನಾನೂ ನನ್ನ ಪತ್ನಿಯೂ ಸೆಪ್ಟೆಂಬರ್‌ನಲ್ಲಿ ಹೊರಟಿದ್ದೇವೆ. ಆಕೆಗೆ ಈಜುಕೊಳದ ಅಭ್ಯಾಸ ಮಾತ್ರ ಇದೆ. ಬಲ್ಲವರು ಸಲಹೆ ನೀಡಬೇಕು.

ಮ್ಯಾಂಚೆಸ್ಟರ್‌ನಿಂದ: ನಾವು ಪಿಗ್ ಹಾದಿಯಲ್ಲಿ ಏರಿ ಮೈನರ್ಸ್ ಹಾದಿಯಲ್ಲಿ ಇಳಿದೆವು, ಇದಕ್ಕಿಂತ ಸರಿಯಾದ ಕ್ರಮ ಬೇರಿಲ್ಲ. ಆದರೆ ಖರ್ಚಿನ ಲೆಕ್ಕವನ್ನು ಯಾರೂ ಮೊದಲೇ ಹೇಳುವುದಿಲ್ಲ. ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ವೆಟ್‌ಸೂಟ್‌ಗೆ 95 ಪೌಂಡ್, ನಿಯೋಪ್ರೀನ್ ಎಂಬ ರಬ್ಬರಿನ ಕಾಲುಚೀಲಕ್ಕೆ 22, ಕೈಗವಸಿಗೆ 18, ಸೊಂಟಕ್ಕೆ ಕಟ್ಟುವ ತೇಲುಚೀಲಕ್ಕೆ 25, ಒಟ್ಟು 160 ಪೌಂಡ್ ಸುರಿದು, ಅಷ್ಟನ್ನೂ ಬೆನ್ನಿಗೆ ಹೊತ್ತು ಶಿಖರ ಮುಟ್ಟಿ, ಸುಮಾರು 600 ಮೀಟರ್ ಎತ್ತರದ ಆ ಕೆರೆಗೆ ಇಳಿದರೆ, ನೀರಿನಲ್ಲಿ ಇರಲು ಸಾಧ್ಯವಾದದ್ದು ಕೆಲವೇ ನಿಮಿಷ. ಆದರೂ ಆ ಹಸಿರುನೀಲಿ ನೀರಿಗಾಗಿ ಮತ್ತೆ ಹೋಗುತ್ತೇನೆ.

ಲೀಡ್ಸ್‌ನಿಂದ: ಆ ಎರಡೂ ಹಾದಿಗಳು ಶುರುವಾಗುವ ಪೆನ್-ಎ-ಪಾಸ್ ಕಾರು ನಿಲ್ದಾಣವೇ ಸುಮಾರು 360 ಮೀಟರ್ ಎತ್ತರದಲ್ಲಿರುವುದರಿಂದ, ಮೇಲಿನವರು ಬೆಟ್ಟದ ಮೂರನೆಯ ಒಂದು ಭಾಗವನ್ನು ಕಾರಿನಲ್ಲಿಯೇ ಹತ್ತಿದ್ದಾರೆ. ನಾವು ಹಿಡಿದದ್ದು ವಾಟ್ಕಿನ್ ಹಾದಿ. 1892ರಲ್ಲಿ ಪ್ರಧಾನಿ ಗ್ಲಾಡ್‌ಸ್ಟನ್ ತಮ್ಮ 82ನೆಯ ವಯಸ್ಸಿನಲ್ಲಿ ಉದ್ಘಾಟಿಸಿದ ಈ ಹಾದಿಯಲ್ಲಿ ಸಾವಿರ ಮೀಟರಿಗೂ ಹೆಚ್ಚು ಏರಬೇಕು, ಕೊನೆಯ ಭಾಗದಲ್ಲಿ ಸಡಿಲ ಕಲ್ಲು ಕಾಲಡಿ ಜಾರುತ್ತದೆ. ನನ್ನ ಮಂಡಿ ಇಂದಿಗೂ ಅದನ್ನು ಮರೆತಿಲ್ಲ. ಆದರೆ ಈಜುವ ಜಲಪಾತದ ಮಡುಗಳು ಬೆಟ್ಟದ ಬುಡದಲ್ಲೇ ಇವೆ. ನೀರಿನಿಂದ ಹೊರಬಂದ ಮೇಲೂ ದೇಹದ ಬಿಸಿ ಇಳಿಯುತ್ತಲೇ ಇರುತ್ತದೆ. ಆಗ ಕಾರು ಹತ್ತಿರವಿರಬೇಕೇ ಹೊರತು ಇನ್ನೂ ಇಳಿಯಬೇಕಾದ ಕಲ್ಲುಹಾದಿಯಲ್ಲ. ಹಳೆಯ ತಾಮ್ರದ ಗಣಿಯ ಕೆಳಗಿರುವ ಗ್ಲಾಸ್ಲಿನ್‌ನ ನೀರಿಗೆ 160 ಪೌಂಡ್ ಸುರಿಯುವುದು ಅವರವರ ಇಷ್ಟ.

ಕಾರ್ಡಿಫ್‌ನಿಂದ: ಇಬ್ಬರೂ ಮುಖ್ಯ ವಿಷಯ ಬಿಟ್ಟಿದ್ದೀರಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2000ದ ಕಾಯ್ದೆ ತೆರೆದ ಬೆಟ್ಟಗಳಲ್ಲಿ ನಡೆಯುವ ಹಕ್ಕು ಕೊಟ್ಟಿದೆ. ಒಳನಾಡಿನ ಕೆರೆ, ಹೊಳೆಗಳಲ್ಲಿ ಮೀಯುವುದು ಆ ಹಕ್ಕಿನೊಳಗೆ ಬರುವುದಿಲ್ಲ. ಗ್ಲಾಸ್ಲಿನ್‌ಗಿಂತ ಕೆಳಗಿನ ಲಿಡಾವ್ ಕೆರೆಯ ನೀರಂತೂ 1906ರಿಂದ ಕೊಳವೆಗಳ ಮೂಲಕ ವಿದ್ಯುತ್ ಉತ್ಪಾದನೆಗೆ ಹೋಗುತ್ತಿದೆ. ಇದನ್ನೆಲ್ಲ ಓದಿಕೊಂಡೇ ನಾನು ಈಜುಡುಗೆಯನ್ನು ಮನೆಯಲ್ಲಿ ಬಿಟ್ಟು ಹೋದೆ, ಅದರ ಬಗ್ಗೆ ನನಗೆ ವಿಷಾದವಿಲ್ಲ.

ಮ್ಯಾಂಚೆಸ್ಟರ್‌ನಿಂದ: ನೀರಿಗೇ ಇಳಿಯದವರು ಈಜಿನ ಬಗ್ಗೆ ಸಲಹೆ ಕೊಡುವುದು ಸೋಜಿಗ. ಹಕ್ಕಿಲ್ಲ ಎಂದ ಮಾತ್ರಕ್ಕೆ ಅಪರಾಧ ಆಗುವುದಿಲ್ಲ.

ಗ್ಲಾಸ್ಗೋದಿಂದ: ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆ ಈಜುವವರಿಗೂ ಹಕ್ಕು ಕೊಟ್ಟಿದೆ. ಇಲ್ಲಿ 1345 ಮೀಟರಿನ ಬೆನ್ ನೆವಿಸ್ ಬೆಟ್ಟ ಇರುವಾಗ ನಿಮಗೆ ಈ ರಗಳೆ ಏಕೆ?

ಕಾರ್ಡಿಫ್‌ನಿಂದ: ಪ್ರಶ್ನೆ ಕೇಳಿದವರು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾರೆ, ಸ್ವಾಮಿ, ಬೆನ್ ನೆವಿಸ್‌ಗೆ ಅವರು ಒಂದು ಹಗಲಿಡೀ ಕಾರು ಓಡಿಸಬೇಕು. ಅಪರಾಧದ ಮಾತು ನಾನು ಎತ್ತಿಯೇ ಇರಲಿಲ್ಲ. ಏನಾದರೂ ಆದರೆ ಓಡಿಬರುವ ಪರ್ವತ ರಕ್ಷಣಾ ತಂಡದವರು ಸಂಬಳವಿಲ್ಲದ ಸ್ವಯಂಸೇವಕರು ಎಂಬುದನ್ನೂ ಮ್ಯಾಂಚೆಸ್ಟರ್‌ನವರು ತಮ್ಮ ಖರ್ಚಿನ ಪಟ್ಟಿಗೆ ಸೇರಿಸಿಕೊಳ್ಳಲಿ.