ತಾರ್ತೂಫ್ ನಾಟಕದ ಮೇಜು: ಕೆಳಗೆ ಕೂತವನು ಕಾಣಬೇಕಾ, ಬೇಡ್ವಾ?

ಲಿಯೋನ್ ಹುಡುಗಿ:
ನಮಸ್ಕಾರ. ಫ್ರಾನ್ಸ್‌ನ ಲಿಯೋನ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ನಮ್ಮ ಕಾಲೇಜು ತಂಡ ಹದಿನೇಳನೇ ಶತಮಾನದ ಫ್ರೆಂಚ್ ನಾಟಕಕಾರ ಮೋಲಿಯೇರ್‌ನ ‘ತಾರ್ತೂಫ್’ ಆಡುತ್ತಿದೆ. ನನ್ನ ಫ್ರೆಂಚ್ ಕೇಳಿದ ಮೇಲೆ ಪಾತ್ರ ಬೇಡ, ರಂಗಸಜ್ಜಿಕೆ ನೋಡ್ಕೋ ಅಂದರು. ಕೈಯಲ್ಲಿರುವುದು 200 ಯೂರೋ. ವೇದಿಕೆ 6 ಮೀಟರ್ ಅಗಲ, 4 ಮೀಟರ್ ಆಳ.

ತಲೆನೋವು ಇರುವುದು ನಾಲ್ಕನೇ ಅಂಕದ ಮೇಜಿನದು. ಮನೆ ಯಜಮಾನ ಓರ್ಗೋನ್‌ಗೆ, ಭಕ್ತನ ವೇಷದಲ್ಲಿ ಮನೆ ಸೇರಿಕೊಂಡ ತಾರ್ತೂಫ್ ಅಂದರೆ ದೇವರು. ಅವನೆಂಥ ಆಷಾಢಭೂತಿ ಅಂತ ತೋರಿಸಲು ಹೆಂಡತಿ ಎಲ್ಮೀರ್ ಗಂಡನನ್ನು ಮೇಜಿನ ಕೆಳಗೆ ಕೂರಿಸುತ್ತಾಳೆ. ತಾರ್ತೂಫ್ ಅವಳ ಮೈಮೇಲೇ ಬೀಳುವಷ್ಟು ಹತ್ತಿರ ಬರುತ್ತಾನೆ. ಇವಳು ಕೆಮ್ಮುತ್ತಾಳೆ, ಮತ್ತೆ ಕೆಮ್ಮುತ್ತಾಳೆ. ಗಂಡ ಹೊರಗೆ ಬರುವುದೇ ಇಲ್ಲ!

ನಮ್ಮ ಓರ್ಗೋನ್ ಆರಡಿ ಎರಡಂಗುಲ. ಕ್ಯಾಂಟೀನಿನ ಮೇಜು 74 ಸೆಂಟಿಮೀಟರ್. ನಿನ್ನೆ ತಾಲೀಮಿನಲ್ಲಿ ಅವನು ಮಿಸುಕಿದಾಗೆಲ್ಲ ಮೇಜೂ ಜೊತೆಗೇ ನಡೆಯಿತು. ಮುಂದಿನ ಬಟ್ಟೆ ತೆಗೆದುಬಿಡು, ಅವನ ಮುಖ ಜನಕ್ಕೆ ಕಾಣಲಿ ಅಂತ ನಿರ್ದೇಶಕಿ ಹೇಳುತ್ತಾಳೆ. ನನಗ್ಯಾಕೋ ಮನಸ್ಸು ಒಪ್ಪುತ್ತಿಲ್ಲ.

ಪರದೆ ಹಿಂದಿನವ:
ಆ ಕಾಲದ ಪ್ಯಾರಿಸ್ ರಂಗಸಜ್ಜಿಕೆಯವರು ಬರೆದಿಟ್ಟ ಟಿಪ್ಪಣಿಗಳು ಉಳಿದಿವೆ, ‘ಮಾಹೆಲೋ ಮೆಮ್ವಾರ್’ ಅಂತ. ತಾರ್ತೂಫ್‌ಗೆ ಏನು ಬೇಕು ಅಂತ ಅದರಲ್ಲಿದೆ: ಒಂದು ಕೋಣೆ, ಎರಡು ಕೈಕುರ್ಚಿ, ಒಂದು ಮೇಜು, ಅದರ ಮೇಲೊಂದು ಜಮಖಾನ, ಎರಡು ಮೇಣದಬತ್ತಿ ಕಂಬ, ಒಂದು ದೊಣ್ಣೆ. ಅಷ್ಟೇ! 200 ಯೂರೋ ಜಾಸ್ತೀನೇ ಆಯ್ತು.

ಜಮಖಾನ ಅಂದಿದ್ದನ್ನು ಗಮನಿಸಿ. ಆಗ ಅನುಕೂಲಸ್ಥರ ಮನೆಯಲ್ಲಿ ಮೇಜಿಗೂ ಜಮಖಾನ ಹಾಸುತ್ತಿದ್ದರು. ತೆಳು ಬಟ್ಟೆಯಾದರೆ ಒಳಗಿನವನು ಉಸಿರು ಬಿಟ್ಟರೂ ಅಲುಗುತ್ತದೆ.

ಮಾಜಿ ಓರ್ಗೋನ್:
ತಂಗೀ, ಒಂದು ಕಾಲದಲ್ಲಿ ಆ ಮೇಜಿನ ಕೆಳಗೆ ನಾನೂ ಕೂತಿದ್ದೆ. ನಮ್ಮ ನಿರ್ದೇಶಕರು ಮುಖ ಕಾಣುವ ಹಾಗೆ ಮಾಡಿದ್ದರು. ನಾನು ಕಣ್ಣು ಬಿಟ್ಟೆ, ಬಾಯಿ ಬಿಟ್ಟೆ, ಜನ ನಕ್ಕಿದ್ದೇ ನಕ್ಕಿದ್ದು. ಎಲ್ಮೀರ್ ಆಡಿದಾಕೆ ಆಮೇಲೆ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಸರಿಯೇ ಮಾಡಿದಳು. ಆ ದೃಶ್ಯ ಅವಳದು. ಗಂಡ ಕಂಡರೆ ಜನ ಗಂಡನನ್ನು ನೋಡುತ್ತಾರೆ. ಕಾಣದಿದ್ದರೆ ಅವಳು ಒದ್ದಾಡುವುದನ್ನು ನೋಡುತ್ತಾರೆ. ಮುಚ್ಚಿಬಿಡಮ್ಮ.

ಮೇಜಿನ ಕಾಲುಗಳ ಕೆಳಗೆ ಮರದ ತುಂಡು ಕೊಟ್ಟು 90 ಸೆಂಟಿಮೀಟರ್‌ಗೆ ಏರಿಸು. ತುಂಡುಗಳನ್ನು ಒಂದು ಹಲಗೆಗೆ ಸ್ಕ್ರೂ ಮಾಡಿ, ಅವನನ್ನು ಅದೇ ಹಲಗೆ ಮೇಲೆ ಕೂರಿಸು. ಅವನ ಭಾರಕ್ಕೇ ಮೇಜು ನಿಲ್ಲುತ್ತದೆ. ಹಿಂದುಗಡೆ ಜಮಖಾನ ಗಿಡ್ಡ ಇರಲಿ, ಗಾಳಿ ಆಡಬೇಕಲ್ಲ.

ಪರದೆ ಹಿಂದಿನವ:
ಇನ್ನೊಂದು. ಮೂರನೇ ಅಂಕದಲ್ಲಿ ತಾರ್ತೂಫ್ ಎಲ್ಮೀರ್‌ಗೆ ಪ್ರೇಮ ನಿವೇದಿಸುವಾಗ ಓರ್ಗೋನ್‌ನ ಮಗ ದಾಮಿಸ್ ಪಕ್ಕದ ಸಣ್ಣ ಕೋಣೆಯಲ್ಲಿ ಅಡಗಿ ಎಲ್ಲ ಕೇಳಿಸಿಕೊಂಡು ಹೊರಗೆ ನುಗ್ಗುತ್ತಾನೆ. ಅದಕ್ಕೇ ನಾಲ್ಕನೇ ಅಂಕದಲ್ಲಿ ಎಲ್ಮೀರ್ ತಾರ್ತೂಫ್‌ಗೆ ಬಾಗಿಲು ಹಾಕಿ ಎಲ್ಲ ಕಡೆ ನೋಡಿ ಬಾ ಅನ್ನುತ್ತಾಳೆ. ಆ ಕೋಣೆಯ ಬಾಗಿಲನ್ನು ಮೂಲೆಗೆ ಇಡಿ, ಮೇಜನ್ನು ನಡುವೆ ಇಡಿ. ಅವನು ಮೇಜು ದಾಟಿಕೊಂಡೇ ಹೋಗಿ ಖಾಲಿ ಕೋಣೆಗೆ ಇಣುಕಲಿ.

ಲಿಯೋನ್ ಹುಡುಗಿ:
ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ! ಬಾಗಿಲನ್ನು ಬಲತುದಿಗೆ ಸರಿಸಿದೆ. ಹಲಗೆ ಉಪಾಯವೂ ಕೆಲಸ ಮಾಡಿತು. ನಿರ್ದೇಶಕಿ ಅರ್ಧ ಒಪ್ಪಿದ್ದಾಳೆ. ಜಮಖಾನ ಹಳೇ ಸಾಮಾನಿನ ಸಂತೆಯಲ್ಲಿ 15 ಯೂರೋಗೆ ಸಿಕ್ಕಿತು. ಆದರೆ ಅದರ ಧೂಳಿಗೆ ಎಲ್ಮೀರ್ ಒಂದು ಸಲ ಕೆಮ್ಮಿದರೆ ಓರ್ಗೋನ್ ಕೆಳಗಿನಿಂದ ನಾಲ್ಕು ಸಲ ಕೆಮ್ಮುತ್ತಾನೆ. ಒಗೆದರೆ ಬಣ್ಣ ಹೋಗುತ್ತಾ?