ಅಪ್‌ಡೇಟ್: ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಜಾರುವುದು ನಿಂತಿತು
ದಿನಾ ಓಡಿಸುವ ಕಾರನ್ನೇ ವಾರಾಂತ್ಯದಲ್ಲಿ ರೇಸ್‌ಗೂ ಒಯ್ಯುತ್ತೇನೆ, ಬಿಸಿಯಾದರೆ ಗೇರ್ ಜಾರುತ್ತದೆ (ಎಂಜಿನ್ ಜೋರಾಗಿ ತಿರುಗಿದರೂ ಕಾರು ಅಷ್ಟು ಎಳೆಯುವುದಿಲ್ಲ), ಏನು ಮಾಡಲಿ ಅಂತ ಕೇಳಿದ್ದೆ. ಈಗ ಸರಿಹೋಗಿದೆ.

"ಮೊದಲು ಟೆಂಪರೇಚರ್ ಮೀಟರ್ ಹಾಕಿ, ಆಮೇಲೆ ದೊಡ್ಡ ಆಯಿಲ್ ಕೂಲರ್" ಅಂದವರ ಮಾತೇ ಗೆದ್ದಿತು. ಮೀಟರ್ ಹಾಕಿ ನೋಡಿದರೆ ಟ್ರ್ಯಾಕ್‌ನಲ್ಲಿ ಆಯಿಲ್ 130 ಡಿಗ್ರಿ ದಾಟುತ್ತಿತ್ತು! ರೇಡಿಯೇಟರ್ ಒಳಗಿನ ಕೂಲರ್ ಹಾಗೇ ಬಿಟ್ಟು, ಅದರ ನಂತರ ಹೊರಗಿನದನ್ನು ಜೋಡಿಸಿದೆವು. ಈಗ 100ರ ಆಸುಪಾಸಿನಲ್ಲೇ ಇರುತ್ತದೆ. ಸುಟ್ಟುಹೋಗಿದ್ದ ಕ್ಲಚ್ ಪ್ಲೇಟ್‌ಗಳನ್ನಂತೂ ಬದಲಿಸಲೇಬೇಕಾಯಿತು.

ಶಿಫ್ಟ್ ಕಿಟ್ (ಗೇರ್ ಬದಲಾಗುವ ರೀತಿ ತಿದ್ದುವ ಬಿಡಿಭಾಗಗಳು) ಕೂಡ ಹಾಕಿಸಿದೆ, ಮೆದು ಸೆಟ್ಟಿಂಗ್‌ನಲ್ಲಿ. ಗೇರ್ ಚುರುಕಾಗಿ ಬೀಳುತ್ತದೆ, ಮನೆಯವರಿಗೆ ಜರ್ಕ್ ಹೊಡೆಯುವುದಿಲ್ಲ.

ಹೈ ಸ್ಟಾಲ್ ಕನ್ವರ್ಟರ್ ಮಾತ್ರ ನನಗೆ ಆಗಿಬರಲಿಲ್ಲ. ಕನ್ವರ್ಟರ್ ಅಂದರೆ ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ; ಹೈ ಸ್ಟಾಲ್‌ನದು ಎಂಜಿನ್ ಹೆಚ್ಚು ವೇಗದಲ್ಲಿ ತಿರುಗಿದ ಮೇಲಷ್ಟೇ ಬಲವಾಗಿ ಹಿಡಿಯುತ್ತದೆ. ಹೊರಡುವಾಗ ಮಜಾ ಕೊಡುತ್ತದೆ ನಿಜ, ಆದರೆ ಟ್ರಾಫಿಕ್‌ನಲ್ಲಿ ಸುಮ್ನೆ ಜಾರಿ ಜಾರಿ ಬಿಸಿ ಏರಿಸುತ್ತದೆ. ತೆಗೆಸಿ ಹಳೆಯದನ್ನೇ ಕೂರಿಸಿದೆ.

ಅಚ್ಚರಿ ಏನು ಗೊತ್ತಾ? ಬಿಸಿ ಜಾಸ್ತಿ ಹುಟ್ಟುವುದು ಗೇರ್‌ಗಳಲ್ಲಿ ಅಲ್ಲ, ಕನ್ವರ್ಟರ್‌ನಲ್ಲಿ. ಹೆದ್ದಾರಿಯಲ್ಲಿ ಲಾಕ್‌ಅಪ್ ಕ್ಲಚ್ (ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಜೋಡಿಸುವ, ಕನ್ವರ್ಟರ್ ಒಳಗಿನ ಕ್ಲಚ್) ಹಿಡಿದ ಕೂಡಲೇ ಒಳಗಿನ ಜಾರಾಟ ನಿಂತು, ಮೀಟರ್ ಮುಳ್ಳು ಇಳಿಯಲು ಶುರುವಾಗುತ್ತದೆ.

ವಾಲ್ವ್ ಬಾಡಿ (ಆಯಿಲ್ ಒತ್ತಡದಿಂದ ಗೇರ್ ಬದಲಾವಣೆ ನಿಯಂತ್ರಿಸುವ ಭಾಗ) ಪೂರ್ತಿ ಬದಲಿಸಿ ಅಂತ ಕೆಲವರು ಅಂದಿದ್ದರಲ್ಲ, ಅದರ ಅಗತ್ಯ ಬೀಳಲಿಲ್ಲ.